ಖಾಲಿ ಮೊಳೆಗೊಂದು ಫೋಟೋ

ಎಲ್ಲ ಶುರುವಾದದ್ದು ಒಂದು ಮೊಳೆಯಿಂದ.

ಚಿಗಟೇರಿಯ ಓಬಳೇಶಪ್ಪನ ಮನೆಯ ಪಡಸಾಲೆಯಲ್ಲಿ ವರ್ಷಗಟ್ಟಲೆ ಕ್ಯಾಲೆಂಡರ್ ಹೊತ್ತು ನಿಂತಿದ್ದ ಮೊಳೆ ಅದು. ಯುಗಾದಿಗೆ ಸುಣ್ಣ ಬಳಿಯುವಾಗ ಕ್ಯಾಲೆಂಡರನ್ನು ಅಡುಗೆಮನೆಗೆ ಸಾಗಿಸಿದರು. ಮೊಳೆ ಮಾತ್ರ ಅಲ್ಲೇ ಉಳಿಯಿತು. ಬೆಳ್ಳಗಿನ ಗೋಡೆಯ ಮೇಲೆ ಒಂಟಿಯಾಗಿ, ಎಲೆಗೆ ಉಪ್ಪು ಬಡಿಸಿದವರು ಅನ್ನ ತರುವುದನ್ನು ಮರೆತರೋ ಎಂಬಂತೆ ಕಾಯುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಓಬಳೇಶಪ್ಪನ ತಾಯಿ ಪಂಪಮ್ಮ ವಿಭೂತಿ ಹಚ್ಚಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಕಣ್ಣು ಗೋಡೆಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಲೇ ಓಬಳೇಶಿ, ಆ ಮೊಳಿ ಯಾರಿಗೆ ಇಟ್ಟೀರಿ?"

"ಯಾರಿಗೂ ಇಲ್ಲಬೇ. ಮೊದಲಿಂದ್ಲೂ ಐತಲ್ಲ."

"ಮೊದಲು ಕ್ಯಾಲೆಂಡರ್ ತೂಗಿಬಿಟ್ಟಿದ್ರಿ. ಈಗ ಖಾಲಿ ಬಿಟ್ಟೀರಿ. ಬಸ್ಸಿನಾಗ ಟವೆಲ್ ಹಾಕಿ ಸೀಟು ಹಿಡಿದಂಗ ನನಗ ಜಾಗ ಹಿಡದೀರೇನು?"

ಓಬಳೇಶಪ್ಪ ನಾಲಿಗೆ ಕಚ್ಚಿಕೊಂಡ. ಫೋಟೋ ಎಂದರೆ ಪಂಪಮ್ಮನಿಗೆ ಗೋಡೆಗೆ ಹೋಗುವ ಟಿಕೀಟು. ಹಿರೇಹಡಗಲಿಯ ಅವಳ ಅಕ್ಕ ಸ್ಟುಡಿಯೋದವನನ್ನು ಕರೆಸಿ ಹೊಸ ಸೀರೆಯುಟ್ಟು ಫೋಟೋ ತೆಗೆಸಿಕೊಂಡಿದ್ದಳು. ಬರುವ ಅಮಾವಾಸ್ಯೆಯ ಹೊತ್ತಿಗೆ ಫೋಟೋ ಗೋಡೆಯೇರಿ ಹೂವಿನ ಹಾರ ಹಾಕಿಕೊಂಡಿತು. ನೆಗೆಣ್ಣಿಯದೂ ಅದೇ ಕತೆ. ನಮ್ಮ ಕಡೆ ಮುದುಕರ ಫೋಟೋ ನೆನಪಾಗುವುದೇ ಅವರು ಹಾಸಿಗೆ ಹಿಡಿದಾಗ. ತಪ್ಪು ಫೋಟೋದ್ದಲ್ಲ ಎಂದು ಪಂಪಮ್ಮನಿಗೆ ಹೇಳುವ ಗಂಡಸು ಚಿಗಟೇರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಎದುರಿಗೆ ಯಾರಾದರೂ ಮೊಬೈಲು ಎತ್ತಿದರೆ ಸಾಕು, ಸೆರಗು ಮುಖದ ಮೇಲೆ ಬೀಳುತ್ತಿತ್ತು. ಆಧಾರ್ ಕಾರ್ಡಿನಲ್ಲಿ ಒಂದು ಚಿತ್ರವಿತ್ತು, ನಿಜ. ಯಾರನ್ನೋ ಬೈಯುತ್ತಿರುವಾಗ ತೆಗೆದದ್ದು. ಅದನ್ನು ಹಿಗ್ಗಿಸಿ ಗೋಡೆಗೆ ಹಾಕಿದರೆ ಮನೆಗೆ ಬಂದ ನೆಂಟರು ಬಾಗಿಲಿಂದಲೇ ತಿರುಗಿ ಹೋಗುವಂತಿತ್ತು.

ಆದರೂ ಓಬಳೇಶಪ್ಪನ ಎದೆಯಲ್ಲಿ ಒಂದು ಮುಳ್ಳು ಚುಚ್ಚುತ್ತಿತ್ತು. ಅಪ್ಪ ತಿಪ್ಪೇಶಪ್ಪ ಹೋಗಿ ಹತ್ತು ವರ್ಷವಾಗಿತ್ತು. "ತೆಗೆಸೋಣ ಬಿಡು, ಎಲ್ಲಿ ಓಡಿ ಹೋಗ್ತೀನಿ" ಎನ್ನುತ್ತಲೇ ಆತ ಫೋಟೋ ಇಲ್ಲದೆ ಹೋಗಿಬಿಟ್ಟಿದ್ದ. ಈಗ ಕಣ್ಣು ಮುಚ್ಚಿದರೆ ಅಪ್ಪನ ಧೋತರ ಬರುತ್ತಿತ್ತು, ಬಿಳಿ ಟೋಪಿ ಬರುತ್ತಿತ್ತು, ಕೆಮ್ಮು ಕೂಡ ಕೇಳಿಸುತ್ತಿತ್ತು. ಮುಖ ಮಾತ್ರ ಗಿರಣಿಯ ಹಿಟ್ಟಿನ ಮಬ್ಬಿನ ಆಚೆ ನಿಂತಂತೆ, ಬರಬರುತ್ತಾ ಅಳಿಸಿಹೋಗುತ್ತಿತ್ತು. ಅವ್ವನ ಮುಖವೂ ಹಾಗಾದರೆ? ಹಿಟ್ಟಿನ ಗಿರಣಿ ನಡೆಸುವವನಿಗೆ ಮಬ್ಬಿನ ಭಯ ಬೇರೆ ಯಾರಿಗಿಂತ ಹೆಚ್ಚು.

ಹೆಂಡತಿ ಶಿವಮ್ಮ ಅವನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. "ಏನ್ರಿ, ಅತ್ತಿಯವರಿಗೆ ಮೊಬೈಲು ಗೊತ್ತಾಗತೈತಿ. ಗೊತ್ತಾಗದಂಥದ್ದು ಏನರ ತರ್ರಿ. ಕೊಟ್ಟೂರಿನ ಯೂಸುಫ್ ಸಾಬರ ಅಂಗಡ್ಯಾಗ ಸುಣ್ಣದ ಡಬ್ಬಿಯಂಥ ಕ್ಯಾಮೆರಾ ಇತ್ತು, ಮಿಕ್ಸಿ ರಿಪೇರಿಗೆ ಹೋದಾಗ ನೋಡಿದ್ದೆ. ಕೈಯಾಗ ಮುಚ್ಚಿಟ್ಕಂಡು ಒಂದು ಹೊಡೆದುಬಿಟ್ರ, ಅತ್ತಿ ನೀವು ಎಲಿ ಅಡಿಕಿಗೆ ಸುಣ್ಣ ಹಚ್ಚಾಕ ಹತ್ತೀರಿ ಅನ್ಕೋತಾರ."

ಅವ್ವನಿಗೆ ಗಿರಣಿಯ ಬೆಲ್ಟು ತರುತ್ತೇನೆಂದು ಹೇಳಿ, ಅಪ್ಪನಂತೆಯೇ ಬಿಳಿ ಟೋಪಿ ಹಾಕಿಕೊಂಡು ಓಬಳೇಶಪ್ಪ ಹೊರಟ.

"ಇವತ್ತು ಸೋಮವಾರ. ಕೊಟ್ಟೂರಪ್ಪನ ದರ್ಶನ ಮಾಡಿ ಬಾ. ಬಾಯಿ ಕಟ್ಟು," ಎಂದಳು ಪಂಪಮ್ಮ. "ನಿಮ್ಮಪ್ಪ ಸೋಮವಾರ ಕೊಟ್ಟೂರಿಗೆ ಹೋದ್ರ ತೀರ್ಥ ಬಿಟ್ಟು ಹೊಟ್ಟಿಗೆ ಏನೂ ಇಳಿಸ್ತಿರಲಿಲ್ಲ."

ಸೋಮವಾರದ ಒಪ್ಪತ್ತು ಆ ಮನೆಯ ವ್ರತ. ತಿಪ್ಪೇಶಪ್ಪ, ಪಂಪಮ್ಮ ಇಬ್ಬರೂ ಕೊಟ್ಟೂರಪ್ಪನ ಹೆಸರಿನಲ್ಲಿ ದೀಪ ಹಚ್ಚುವ ಹೊತ್ತಿನ ತನಕ ಹಸಿದಿರುತ್ತಿದ್ದರು. ಗಂಡ ಹೋದಮೇಲೂ ಪಂಪಮ್ಮ ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಜೀವ ಹಸಿದಿರುವಾಗ ಮನೆಯಲ್ಲಿ ಯಾರೂ ಎಣ್ಣೆಯ ಬಾಣಲೆ ಇಡುವಂತಿರಲಿಲ್ಲ. ಸೋಮವಾರ ಬಂತೆಂದರೆ ಓಬಳೇಶಪ್ಪನ ಹೊಟ್ಟೆ ಕಾಳಿಲ್ಲದೆ ತಿರುಗುವ ಗಿರಣಿಯಂತೆ ಗರಗರ ಸದ್ದು ಮಾಡುತ್ತಿತ್ತು.

*

ಯೂಸುಫ್ ಸಾಬರ ಅಂಗಡಿಯಲ್ಲಿ ಸತ್ತ ರೇಡಿಯೋಗಳು, ಸಾಯುತ್ತಿರುವ ಮಿಕ್ಸಿಗಳು, ಮತ್ತೆ ಹುಟ್ಟಿ ಬಂದ ಟಾರ್ಚುಗಳು ಒಂದೇ ಕುಟುಂಬದವರಂತೆ ಬಾಳುತ್ತಿದ್ದವು. ಸಾಬರು ಕಪಾಟಿನ ಮೂಲೆಯಿಂದ ಒಂದು ಪುಟ್ಟ ಬೆಳ್ಳಿ ಬಣ್ಣದ ಕ್ಯಾಮೆರಾ ತೆಗೆದು ಅಂಗಿಯ ತೋಳಿನಿಂದ ಒರೆಸಿದರು. ಕೈಗೆ ಹಾಕಿಕೊಳ್ಳಲು ಕರಿಯ ದಾರವೂ ಇತ್ತು.

"ಇದೊಂದೇ ಉಳಿದೈತಿ ನೋಡ್ರಿ ಓಬಳೇಶಣ್ಣ. ಹೊಸಪೇಟಿ ಕಾಲೇಜಿನ ಹುಡುಗೀರು ಹಳೇ ಕ್ಯಾಮೆರಾನ ಬೇಕು ಅಂತ ಹುಡುಕ್ಕೊಂಡು ಬರ್ತಾರ. ಹೊಸಾ ಮೊಬೈಲಿನಾಗ ಮುಖ ಭಾಳ ಸಾಪ್ ಬರತೈತಂತ. ಇದರಾಗ ಸ್ವಲ್ಪ ಮಬ್ಬು ಬರತೈತಿ, ಅದ ಚಂದ ಅಂತಾರ."

"ನಮ್ಮೂರಾಗ ಮಬ್ಬು ಕಂಡ್ರ ಕಣ್ಣಿನ ಡಾಕ್ಟರ ಹತ್ರ ಹೋಗ್ತೀವಿ, ಸಾಬರ."

ಸಾಬರು ನಕ್ಕರು. "ಒಂದು ಐಬು ಐತಿ, ಮುಚ್ಚಿಡಂಗಿಲ್ಲ. ಇದರ ಗಡಿಯಾರ ಸತ್ತೈತಿ. ಸೆಲ್ಲು ತೆಗೆದು ಹಾಕಿದಾಗೊಮ್ಮೆ ತಾರೀಖು ಹೊಳ್ಳಿ ಎರಡು ಸಾವಿರದ ಏಳು, ಜನವರಿ ಒಂದಕ್ಕ ಹೋಗಿ ಕುಂದರತೈತಿ. ನನ್ನ ಅಂಗಡಿಗೆ ಬಂದಾಗಿಂದ ಇದರ ಪಾಲಿಗೆ ಬ್ಯಾರೆ ದಿನಾನ ಹುಟ್ಟಿಲ್ಲ. ಫೋಟೋದ ಮೂಲ್ಯಾಗ ಅದ ತಾರೀಖು ಬೀಳತೈತಿ."

"ನಮ್ಮ ಮನಿ ಗೋಡಿ ಗಡಿಯಾರಾನೂ ನಿಂತೈತಿ. ನಾವು ಉಣ್ಣೋದು ಬಿಟ್ಟೀವೇನು? ಕೊಡ್ರಿ."

ಬೆಲೆಯ ಮಾತು ಸಾಬರ ಒಂದು ಚಹಾದೊಳಗೆ ಮುಗಿಯಿತು. ಸೆಲ್ಲು ಕೂರುವ ಜಾಗ ಕಿಲುಬು ಹಿಡಿದಿದೆ, ಉಜ್ಜಿ ಕೊಡುತ್ತೇನೆ, ಅಲ್ಲಿಯವರೆಗೆ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತಿರಿ ಎಂದರು ಸಾಬರು.

ಹೋಟೆಲಿನ ಬಾಣಲೆಯಲ್ಲಿ ಮಿರ್ಚಿ ಬಜ್ಜಿ ತೇಲುತ್ತಿದ್ದವು. ಓಬಳೇಶಪ್ಪ ಕುಳಿತದ್ದು ಸುಮ್ಮನೆ ಕೂರಲಿಕ್ಕೆ. ಇದಕ್ಕೆ ಕೊಟ್ಟೂರಪ್ಪನೇ ಸಾಕ್ಷಿ. ಆದರೆ ಮೂಗು ಅವನ ಮಾತು ಕೇಳಲಿಲ್ಲ, ಕೈ ಮೂಗಿನ ಮಾತು ಕೇಳಿತು. ಒಗ್ಗರಣೆ ಮಂಡಕ್ಕಿಯ ತಟ್ಟೆ ಯಾವಾಗ ಬಂತೋ, ಬಿಸಿ ಮಿರ್ಚಿ ಯಾವಾಗ ಬಾಯಿಯ ಬಾಗಿಲಿಗೆ ಬಂದು ನಿಂತಿತೋ ಅವನಿಗೇ ತಿಳಿಯಲಿಲ್ಲ.

"ಓಬಳೇಶಣ್ಣ, ಇಲ್ಲಿ ನೋಡ್ರಿ!"

ಸಾಬರು ಅಂಗಡಿಯ ಹೊಸ್ತಿಲ ಮೇಲೆ ನಿಂತು ಕ್ಯಾಮೆರಾ ಒತ್ತಿದರು. ಮಿರ್ಚಿ ಅರ್ಧ ಒಳಗೆ, ಅರ್ಧ ಹೊರಗೆ.

"ಅಯ್ಯೋ, ಯಾಕ ತೆಗೆದ್ರಿ? ಸೋಮವಾರ!"

"ನಡೀತೈತೋ ಇಲ್ಲೋ ನೋಡಬೇಕಲ್ರಿ. ಯಾವ ಕ್ಯಾಮೆರಾ ಬಂದ್ರೂ ನಾ ಇದೇ ಹೊಸ್ತಿಲ ಮ್ಯಾಲ ನಿಂತು ಇದೇ ಬೆಂಚಿಗೆ ಒಂದು ಹೊಡೆದು ನೋಡ್ತೀನಿ." ಸಾಬರು ತಲೆದೂಗಿದರು. "ನಿಮ್ಮಪ್ಪಾರನ್ನ ನೋಡಿದಂಗಾತು. ಸಂತಿ ದಿನ ಬಂದ್ರ ಅವರೂ ಅಲ್ಲೇ ಕುಂದರತಿದ್ರು. ಆದ್ರ ಸೋಮವಾರ ಮಾತ್ರ ಈ ಹೋಟೆಲ್ ಕಡೆ ಮುಖಾನೂ ಮಾಡ್ತಿರಲಿಲ್ಲ ಮಾರಾಯ. ಗುಡಿ, ಗುಡಿಯಿಂದ ಸೀದಾ ಬಸ್ಸು."

ಮಿರ್ಚಿಯ ಖಾರ ಓಬಳೇಶಪ್ಪನ ಕಿವಿಯವರೆಗೆ ಏರಿತು. ಫೋಟೋ ಅಳಿಸುವುದು ಹೇಗೆಂದು ಕೇಳಿದ. ಸಾಬರು ಬೆರಳಿಟ್ಟು ತೋರಿಸುವಷ್ಟರಲ್ಲಿ ಚಿಗಟೇರಿಯ ಮೇಲೆ ಹೋಗುವ ಹರಪನಹಳ್ಳಿ ಬಸ್ಸು ಹಾರ್ನು ಬಾರಿಸಿತು. ದರ್ಶನವೂ ಆಗಲಿಲ್ಲ. ಕಿಟಕಿಯಿಂದಲೇ ಗುಡಿಯ ಕಡೆ ಕೈಮುಗಿದ. 'ಅಪ್ಪಾ ಕೊಟ್ಟೂರೇಶಾ, ಮಿರ್ಚಿ ತಿಂದ ಬಾಯಿಂದ ಬೇಡ್ತೀನಿ, ಸಿಟ್ಟಾಗಬ್ಯಾಡ. ಮರೆಯಾಗೋ ಮುಖ ಒಂದು ನನ್ನ ಕೈಗೆ ಸಿಗಂಗ ಮಾಡು.'

*

ಚಿಗಟೇರಿಯಲ್ಲಿ ನಾರದಮುನಿಯ ಗುಡಿ ಇದೆ. ಆದ್ದರಿಂದ ಸುದ್ದಿ ಹಬ್ಬಿಸುವ ವಿದ್ಯೆಯನ್ನು ಆ ಊರಿನವರಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಬಸ್ಸಿಳಿದ ಓಬಳೇಶಪ್ಪನ ಅಂಗಿಯ ಜೇಬು ಉಬ್ಬಿದ್ದನ್ನು ಪಕ್ಕದ ಮನೆಯ ಹುಲುಗಣ್ಣ ದೂರದಿಂದಲೇ ಕಂಡ.

"ಲೇ ಓಬಳೇಶಾ, ಜೇಬಿನಾಗ ಏನಲೇ ಅದು, ಕಪ್ಪಿ ಮರಿ ಇಟ್ಕಂಡಂಗ?"

ಮುಚ್ಚಿಟ್ಟರೆ ಇನ್ನೂ ಕೆದಕುತ್ತಾನೆಂದು ಓಬಳೇಶಪ್ಪ ಹೊರತೆಗೆದು, ಹಟ್ಟಿಯ ಮುಂದೆ ಮೆಲುಕು ಹಾಕುತ್ತಿದ್ದ ಹುಲುಗಣ್ಣನ ಎಮ್ಮೆಗೆ ಒಂದು ಫೋಟೋ ಹೊಡೆದು ತೋರಿಸಿದ. ಹುಲುಗಣ್ಣ ಎಮ್ಮೆಯನ್ನು ನೋಡಲಿಲ್ಲ. ಮೂಲೆಯಲ್ಲಿ ಹೊಳೆಯುತ್ತಿದ್ದ ತಾರೀಖು ನೋಡಿದ. ಅವನು ಹೋದ ವರ್ಷ ಓಣಿಯ ಮೇಲೆಯೇ ಎಮ್ಮೆಗೊಂದು ತಗಡಿನ ಹಟ್ಟಿ ಎಬ್ಬಿಸಿದ್ದ; ತೆಗೆ ಎಂದು ಓಣಿಯವರು ದಿನಾ ಜಗಳಕ್ಕೆ ಬರುತ್ತಿದ್ದರು.

"ಎರಡು ಸಾವಿರದ ಏಳು! ಅಂದ್ರ ನನ್ನ ಹಟ್ಟಿ ಅವಾಗಿಂದ್ಲೂ ಇಲ್ಲೇ ಐತಿ ಅಂತ ಆತು!"

"ಅಣ್ಣಾ, ಈ ಎಮ್ಮಿ ಹುಟ್ಟಿ ನಾಕು ವರ್ಷ ಆಗಿಲ್ಲ."

"ಎಮ್ಮಿ ವಯಸ್ಸು ಯಾರು ಕೇಳ್ತಾರಲೇ? ಎಮ್ಮಿ ಎಲ್ಲಾ ಒಂದೇ ಥರಾ ಇರ್ತಾವ."

ಅಷ್ಟರಲ್ಲಿ ಎದುರು ಮನೆಯ ಗಂಗಾಧರ ಬಂದ. ಹೆಣ್ಣು ಹುಡುಕಿ ಹುಡುಕಿ ಚಪ್ಪಲಿಯ ಜೊತೆ ತಲೆಗೂದಲನ್ನೂ ಸವೆಸಿಕೊಂಡ ಬ್ರಹ್ಮಚಾರಿ. ಹಗರಿಬೊಮ್ಮನಹಳ್ಳಿಯ ಹೆಣ್ಣಿನ ಕಡೆಯವರು ಅವತ್ತೇ ಫೋಟೋ ಕೇಳಿದ್ದರು. "ಅಣ್ಣಾ, ಖರೇ ಕ್ಯಾಮೆರಾದಾಗ ತೆಗೆದ್ರ ಕಳೆ ಬ್ಯಾರೆ ಬರತೈತಿ" ಎಂದು ಹಟ್ಟಿಯ ಬೇಲಿಗೊರಗಿ ನಿಂತೇಬಿಟ್ಟ. ಪರದೆಯಲ್ಲಿ ಮೂಡಿದ ಚಿತ್ರಕ್ಕೆ ತನ್ನ ಮೊಬೈಲು ಹಿಡಿದು ಅಲ್ಲಿಂದಲೇ ಕಳಿಸಿದ. ಮೂಲೆಯ ತಾರೀಖು ಅವನ ಕಣ್ಣಿಗೆ ಬೀಳಲಿಲ್ಲ.

ಹೆಣ್ಣಿನ ಕಡೆಯವರ ಕಣ್ಣಿಗೆ ಬಿತ್ತು.

ಓಬಳೇಶಪ್ಪ ಮನೆಗೆ ಬಂದು, ಕ್ಯಾಮೆರಾವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಅವ್ವನ ಮಂಚದ ಬಳಿ ಬೆಕ್ಕಿನಂತೆ ಹೆಜ್ಜೆಯಿಡುತ್ತಿದ್ದಾಗಲೇ ಅಂಗಳದಲ್ಲಿ ಗಂಗಾಧರನ ಕೂಗು ಕೇಳಿತು.

"ಅಣ್ಣಾ! ನನ್ನ ಸಂಬಂಧ ಮುರಿದುಬಿಟ್ಟೆಲ್ಲೋ! 'ಎರಡು ಸಾವಿರದ ಏಳರಾಗನ ತಲಿ ಹಿಂಗಿದ್ರ ಈಗ ವರ ಎದ್ದು ಓಡ್ಯಾಡ್ತಾನೋ ಇಲ್ಲೋ' ಅಂತ ಕೇಳ್ತಾರ! ಫೋನು ಹಚ್ಚಿ ಕೊಡ್ತೀನಿ, ತಾರೀಖು ಸುಳ್ಳು ಅಂತ ನೀನ ಹೇಳು!"

"ಸುಳ್ಳು ಹೆಂಗ ಆಗತೈತಿ?" ಹಿಂದೆಯೇ ಹುಲುಗಣ್ಣ ಬಂದ. "ನಾನೂ ಎಮ್ಮಿ ಫೋಟೋನ ಮೊಬೈಲಿನಾಗ ಹಿಡಕಂಡು ಈಗಷ್ಟೇ ಓಣಿ ಮಂದಿಗೆಲ್ಲಾ ತೋರಿಸಿ ಬಂದೀನಿ. ತಾರೀಖು ಖರೇ ಅಂತ ಹೇಳಲೇ ಓಬಳೇಶಾ!"

ಓಬಳೇಶಪ್ಪ ಗಿರಣಿಯ ಎರಡು ಕಲ್ಲುಗಳ ನಡುವೆ ಸಿಕ್ಕ ಜೋಳದ ಕಾಳಾದ. ಗದ್ದಲಕ್ಕೆ ಪಂಪಮ್ಮ ಕೋಲೂರಿಕೊಂಡು ಹೊಸ್ತಿಲಿಗೆ ಬಂದಳು.

"ಏನಲೇ ಅದು ಬಾಯಿ?"

"ಚಿಗವ್ವಾ, ನಿಮ್ಮ ಮಗ ಎರಡು ಸಾವಿರದ ಏಳರ ಫೋಟೋ ತೆಗೆಯೋ ಕ್ಯಾಮೆರಾ ತಂದಾನ," ಎಂದ ಹುಲುಗಣ್ಣ ಹೆಮ್ಮೆಯಿಂದ, ಕ್ಯಾಮೆರಾ ತನ್ನದೇ ಎಂಬಂತೆ.

ಶಿವಮ್ಮ ಹಣೆ ಬಡಿದುಕೊಂಡಳು. ಗುಟ್ಟು ಬಯಲಾಗಿತ್ತು. ಪಂಪಮ್ಮನ ಸೆರಗು ಮುಖದ ಕಡೆ ಹೊರಟಿತು. ಆದರೆ ಅರ್ಧ ದಾರಿಯಲ್ಲಿ ನಿಂತಿತು.

"ಎರಡು ಸಾವಿರದ ಏಳರದ್ದಾ?"

"ಹೂನ್ರಿ. ತಾರೀಖು ಬರದೈತಿ."

ಪಂಪಮ್ಮ ಕೋಲಿನ ಮೇಲೆ ಗಲ್ಲವಿಟ್ಟು ಯೋಚಿಸಿದಳು. ನ್ಯಾಯ ಹೇಳುವ ಊರ ಹಿರಿಯರು ಕೂಡ ಅಷ್ಟು ಹೊತ್ತು ಯೋಚಿಸುವುದಿಲ್ಲ.

"ಆ ವರ್ಷ ನಾನು ಸತ್ತಿಲ್ಲ," ಎಂದಳು ಕೊನೆಗೆ.

"ಇಲ್ಲಬೇ."

"ಅಂದ್ಮ್ಯಾಲೆ ಆ ವರ್ಷದ ಫೋಟೋಕ್ಕ ಯಮ ಬಂದಿದ್ರೂ ಅವಾಗನ ಬಂದು, ಸಿಗದಂಗ ಹೊಳ್ಳಿ ಹೋಗ್ಯಾನ. ಈಗೇನೂ ಆಗಂಗಿಲ್ಲ." ಕಣ್ಣು ಮಿನುಗಿತು. "ಮತ್ತ ಆ ವರ್ಷ ನಿಮ್ಮಪ್ಪ ಇದ್ರಲ್ಲಲೇ, ಓಬಳೇಶಿ."

"ಇದ್ರು…"

"ಹಂಗಾದ್ರ ಕುಂದರತೀನಿ. ಜೋಡಿಲೆ ತೆಗಿ. ಆದ್ರ ಒಂದು ಮಾತು. ತಾರೀಖು ಖರೇ ಐತೇನು? ಕೊಟ್ಟೂರಪ್ಪನ ಆಣಿ ಮಾಡಿ ಹೇಳು."

ಓಬಳೇಶಪ್ಪ ಸುತ್ತ ನೋಡಿದ. ಒಂದು ಕಡೆ ಗಂಗಾಧರನ ಮದುವೆ, ಇನ್ನೊಂದು ಕಡೆ ಹುಲುಗಣ್ಣನ ಹಟ್ಟಿ, ನಡುವೆ ಸೆರಗು ಸರಿಸಿ ನಿಂತ ಅವ್ವನ ಮುಖ. ಇಷ್ಟು ವರ್ಷ ಒಲ್ಲೆನೆಂದ ಮುಖ ತಾನಾಗಿ ತೆರೆದು ನಿಂತಿದೆ.

"ಕೊಟ್ಟೂರಪ್ಪನಾಣಿ, ಖರೇ ಐತಬೇ," ಎಂದ ಓಬಳೇಶಪ್ಪ. ಹೇಳಿ, ಮಿರ್ಚಿ ತಿಂದ ಬಾಯನ್ನು ಅಂಗೈಯಿಂದ ಒರೆಸಿಕೊಂಡ.

*

ಪಂಪಮ್ಮ ಹಬ್ಬದ ಸೀರೆಯುಟ್ಟು ಮಂಚದ ಒಂದು ತುದಿಗೆ ಕುಳಿತಳು. ಪಕ್ಕದಲ್ಲಿ ಜಾಗ ಬಿಟ್ಟು, ಕೌದಿಯ ಸುಕ್ಕನ್ನು ಕೈಯಿಂದ ಸವರಿ ಸರಿಮಾಡಿದಳು.

"ಅವರಿಗೆ ಜಾಗ ಬಿಟ್ಟು ತೆಗಿ."

"ಹೂನಬೇ."

"ಅಷ್ಟು ಸಾಲದು. ನಿಮ್ಮಪ್ಪ ಕಾಲಗಲಿಸಿ ಕುಂದರತಿದ್ರು. ಇನ್ನೂ ಆ ಕಡೆ ಸರಿ."

ಓಬಳೇಶಪ್ಪ ಸರಿದ.

"ಟೋಪಿ ಬಲಕ್ಕ ವಾಲಿಸಿ ಇಡ್ತಿದ್ರು. ಅದಕ್ಕೂ ಜಾಗ ಬೇಕು."

ಮತ್ತೆ ಸರಿದ. ಫ್ಲಾಶ್ ಮಿಂಚಿತು. ಪಂಪಮ್ಮ ಕಣ್ಣು ಮಿಟುಕಿಸಿ, ಪಕ್ಕಕ್ಕೆ ತಿರುಗಿ ಸಣ್ಣಗೆ ನಕ್ಕಳು, ಯಾರೋ ಬಂದು ಕುಳಿತರೆಂಬಂತೆ.

ಎಲ್ಲರೂ ಪರದೆಗೆ ಮುಗಿಬಿದ್ದರು. ಮಂಚ ಬಹಳ ಚೆನ್ನಾಗಿ ಬಂದಿತ್ತು. ಕೌದಿಯ ಒಂದೊಂದು ಹೊಲಿಗೆಯೂ ಕಾಣುತ್ತಿತ್ತು. ಸರಿದು ಸರಿದು ಜಾಗ ಬಿಟ್ಟದ್ದರಿಂದ ಚಿತ್ರದ ತುಂಬ ಖಾಲಿ ಮಂಚವೇ; ಎಡ ತುದಿಯಲ್ಲಿ ಪಂಪಮ್ಮನ ಹಚ್ಚೆ ಹಾಕಿಸಿದ ಮುಂಗೈ ಮಾತ್ರ, ಆ ಖಾಲಿ ಜಾಗದ ಮೇಲೆ ಮೆಲ್ಲಗೆ ಊರಿಕೊಂಡಿತ್ತು.

"ಅವರೆಲ್ಲಿ?" ಎಂದಳು ಪಂಪಮ್ಮ ಕನ್ನಡಕ ಏರಿಸುತ್ತಾ. ತಾನೆಲ್ಲಿ ಎಂದು ಕೇಳಲಿಲ್ಲ.

ಓಬಳೇಶಪ್ಪ, "ಹೊರಗೆಲ್ಲೋ ಹೋಗಿರಬೇಕಬೇ ಆ ಹೊತ್ತಿಗೆ" ಎಂದ.

"ಕರೆದಾಗ ಬರೋ ಮನುಷ್ಯಾನ ಅಲ್ಲ. ಅವತ್ತೂ ಹಂಗ, ಇವತ್ತೂ ಹಂಗ. ಕೊಡಿಲ್ಲಿ, ಮುಂದ ಎಲ್ಲಾದ್ರೂ ಇರ್ತಾರ ನೋಡ್ತೀನಿ." ಕ್ಯಾಮೆರಾ ಕಸಿದುಕೊಂಡು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದಳು. ಹುಲುಗಣ್ಣ ಪಕ್ಕದಿಂದ ಮುಂದಿನ ಚಿತ್ರದ ಗುಂಡಿ ತೋರಿಸಿದ. ಪಂಪಮ್ಮ ಒತ್ತಿದಳು. ಕೊನೆಯ ಚಿತ್ರದ ಮುಂದೆ ಇನ್ನೊಂದಿರಲಿಲ್ಲ. ಹಾಗಾಗಿ ಬಾವಿಯ ಗಾಲಿ ಸುತ್ತು ಬಂದಂತೆ ಕ್ಯಾಮೆರಾ ಎಲ್ಲಕ್ಕಿಂತ ಮೊದಲನೆಯ ಚಿತ್ರಕ್ಕೆ ಬಂದು ನಿಂತಿತು.

"ಬಂದ್ರು!" ಎಂದು ಕೂಗಿದಳು ಪಂಪಮ್ಮ. "ನೋಡ್ರೋ, ಬಂದ್ರು! ತಡ ಆದ್ರೂ ಬಂದ್ರು! ಅದ ಟೋಪಿ…"

ಎದುರಿಗೆ ನಿಂತಿದ್ದ ಓಬಳೇಶಪ್ಪನಿಗೆ ಪರದೆ ಕಾಣುತ್ತಿರಲಿಲ್ಲ. ಪಂಪಮ್ಮನ ಮುಖದ ಮೇಲಿನ ನಗು ಮಾತ್ರ ಕಾಣುತ್ತಿತ್ತು. ಆ ನಗು ಮೆಲ್ಲನೆ ನಿಂತಿತು.

"ಇದು ನಮ್ಮ ಮಂಚ ಅಲ್ಲ. ಬೆಂಚು. ಹಿಂದ ಬಾಣಲಿ ಐತಿ. ಕೈಯಾಗೇನದು… ಮಿರ್ಚಿ?"

ಓಬಳೇಶಪ್ಪನಿಗೆ ನೆನಪಾಯಿತು. ಹೋಟೆಲಿನ ಫೋಟೋ! ಅಳಿಸದೆ ಬಂದದ್ದು! ಟೋಪಿ ಹಾಕಿದ ಮಗನನ್ನು ಕಂಡು ಅವ್ವ ಅಪ್ಪನೆಂದು ತಿಳಿದಿದ್ದಾಳೆ. ಮಂಚದ ಮುಂದೆ ದೊಪ್ಪನೆ ಕುಳಿತು ಅವಳ ಕಾಲು ಹಿಡಿದ.

"ಅವ್ವಾ, ಅದು ಅಪ್ಪ ಅಲ್ಲ, ನಾನು! ತಪ್ಪಾತಬೇ! ಸುಮ್ನ ಕುಂದ್ರಾಕ ಹೋಗಿದ್ದೆ, ವಾಸನಿ ತಡೀಲಿಲ್ಲ. ದರ್ಶನಾನೂ ಮಾಡಲಿಲ್ಲ, ಬಸ್ಸಿನ ಕಿಟಕಿಯಿಂದ ಕೈ ಮುಗದೀನಿ. ಗಿರಣಿ ಬೆಲ್ಟೂ ತಂದಿಲ್ಲ!"

ಪಂಪಮ್ಮ ಕನ್ನಡಕದ ಮೇಲಿಂದ ಮಗನನ್ನು ನೋಡಿದಳು.

"ನೀನೂನಾ?"

"ಹಂಗಂದ್ರ?"

"ಇದು ನೀನಲ್ಲಲೇ. ನನ್ನ ಗಂಡನ್ನ ನಾ ಗುರುತು ಹಿಡಿಯಂಗಿಲ್ಲೇನು? ನೋಡು."

ಓಬಳೇಶಪ್ಪ ನೋಡಿದ. ಅದೇ ಹೋಟೆಲು, ಅದೇ ಬೆಂಚು. ಬೆಂಚಿನ ಮೇಲೆ ಅಪ್ಪ. ಸಾಬರು ಯಾವತ್ತೋ ತಮ್ಮ ಹೊಸ್ತಿಲ ಮೇಲೆ ನಿಂತು ಕ್ಯಾಮೆರಾ ಪರೀಕ್ಷೆಗೆಂದು ಒಂದು ಹೊಡೆದು ಮರೆತಿದ್ದ ಚಿತ್ರ. ಧೋತರ, ಓರೆ ಟೋಪಿ, ಕೈಯಲ್ಲಿ ಕಚ್ಚಿದ ಮಿರ್ಚಿ. ಮುಖ, ಹಿಟ್ಟಿನ ಮಬ್ಬಿಲ್ಲದ ಆ ಮುಖ, ಯಾರನ್ನೋ ನೋಡಿ ಬಾಯಿತುಂಬ ನಗುತ್ತಿತ್ತು. ಎಡಗಡೆಯ ಒಂದು ಹಲ್ಲು ಸೊಟ್ಟಗಿತ್ತು. ಹೌದಲ್ಲ, ಅಪ್ಪನ ಹಲ್ಲು ಸೊಟ್ಟಗಿತ್ತು! ಅದನ್ನು ಎಷ್ಟು ವರ್ಷದಿಂದ ಮರೆತಿದ್ದ!

ಅವನ ಕಣ್ಣು ತುಂಬಿ ಬಂದವು. ಹುಲುಗಣ್ಣನ ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ತಾರೀಖು ಒಂದನೇ ಜನವರಿ ಎರಡು ಸಾವಿರದ ಏಳು. ತಡೀರಿ, ಯಾವ ವಾರ ನೋಡ್ತೀನಿ." ಮೊಬೈಲನ್ನು ತಿಕ್ಕಿದ. ತಿಕ್ಕಿದವನ ಹುಬ್ಬು ಮೇಲೇರಿತು. "ಸೋಮವಾರ, ಚಿಗವ್ವಾ."

ಪಂಪಮ್ಮ ಕ್ಯಾಮೆರಾವನ್ನು ಮಡಿಲಿಗೆ ಇಳಿಸಿದಳು.

"ನಾ ಇಲ್ಲಿ ಜಾಗ ಬಿಟ್ಟು ಕಾಯ್ಕೋತ ಕುಂತೀನಿ," ಎಂದಳು ಪಂಪಮ್ಮ ನಿಧಾನವಾಗಿ, "ಅದ ದಿನ ಅವರು ಕೊಟ್ಟೂರಾಗ ಮಿರ್ಚಿ ತಿನ್ನಾಕ ಹತ್ಯಾರ. ತೀರ್ಥ ಬಿಟ್ಟು ಏನೂ ಇಳಿಸಂಗಿಲ್ಲ ಅಂದಿದ್ರು."

ಓಬಳೇಶಪ್ಪ ಬಾಯಿ ತೆರೆದ. ಸೋಮವಾರ ಈ ಹೋಟೆಲ್ ಕಡೆ ಮುಖಾನೂ ಮಾಡ್ತಿರಲಿಲ್ಲ ಎಂದ ಸಾಬರ ಮಾತು ನಾಲಿಗೆಯ ತುದಿಯಲ್ಲಿತ್ತು. ಅವ್ವಾ, ಅಪ್ಪ ತಿಂದದ್ದು ಸಂತೆಯ ದಿನ, ಈ ಕ್ಯಾಮೆರಾದ ಪಾಲಿಗೆ ಎಲ್ಲ ದಿನವೂ ಅದೊಂದೇ ದಿನ, ತಾರೀಖು ಸುಳ್ಳು ಎಂದರೆ ಮುಗಿಯಿತು. ಆದರೆ ತಾರೀಖು ಖರೇ ಎಂದು ಕೊಟ್ಟೂರಪ್ಪನ ಆಣೆ ಮಾಡಿದವನು ಅವನೇ. ಆ ಆಣೆ ಅಡ್ಡ ನಿಂತಿತು.

ಆಗ ಒಂದು ಸದ್ದು ಕೇಳಿತು. ಪಂಪಮ್ಮ ಅಳುತ್ತಿದ್ದಾಳೆಂದು ಶಿವಮ್ಮ ಹತ್ತಿರ ಓಡಿದಳು. ಅವಳು ಅಳುತ್ತಿರಲಿಲ್ಲ. ಬೊಚ್ಚುಬಾಯಿ ಮುಚ್ಚಿಕೊಂಡು, ಹೊಟ್ಟೆ ಕುಲುಕಿಸಿ ನಗುತ್ತಿದ್ದಳು.

"ಶಿವವ್ವಾ, ಯಾರ ಮುಂದೂ ಹೇಳಿಲ್ಲ, ಕೇಳು. ಪ್ರತಿ ಸೋಮವಾರ ನನ್ನ ಹೊಟ್ಟಿ ಉಪವಾಸ, ಮನಸ್ಸು ಮಿರ್ಚಿ ಮ್ಯಾಲ. ಅವರು ದೇವರಂಥೋರು, ಸೀದಾ ಶಿವನ ಪಾದಕ್ಕ ಹೋಗ್ಯಾರ. ನಾನು ಆಸೆಬುರುಕಿ, ಹೋದ್ಮ್ಯಾಲೆ ಅವರಿರೋ ಜಾಗಕ್ಕ ನನ್ನ ಬಿಡ್ತಾರೋ ಇಲ್ಲೋ ಅಂತ ಹತ್ತು ವರ್ಷದಿಂದ ಅಂಜಿಕಿ. ಇವತ್ತು ಹೋತು ನೋಡು. ಇಬ್ರೂ ಒಂದ ಜಾತಿ! ಎಲ್ಲೇ ಇದ್ರೂ ಜಾಗ ಹಿಡಿದಿರ್ತಾರ, ಹೋಟೆಲಿನ ಬೆಂಚಿನಂಥದ್ದು."

ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅದನ್ನು ನೋಡಿದ ಓಬಳೇಶಪ್ಪ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. ಅಪ್ಪನ ಪುಣ್ಯವನ್ನು ಉಳಿಸಲು ಹೋದರೆ ಅವ್ವನ ನೆಮ್ಮದಿ ಹೋಗುತ್ತದೆ. ಬದುಕಿದ್ದಾಗ ಅವ್ವನ ಒಂದು ಮಾತಿಗೂ ಎದುರಾಡದ ಅಪ್ಪ ಈಗಲೂ ಸುಮ್ಮನಿರುತ್ತಾನೆ, ಬೇಕಾದರೆ ಆ ಸೊಟ್ಟ ಹಲ್ಲು ತೋರಿಸಿ ನಗುತ್ತಾನೆ ಎನ್ನಿಸಿತು.

ಆದರೂ ಹಿಡಿದ ಕೆಲಸ ಬಿಡಬಾರದೆಂದು ಮೆಲ್ಲಗೆ ಕೇಳಿದ. "ಅವ್ವಾ, ಇನ್ನೊಂದು ಸಲ ಕುಂದರತೀಯೇನು? ನಿನ್ನ ಮುಖ ಬಂದಿಲ್ಲ."

"ಯಾಕ? ಅವರಂತೂ ಕೊಟ್ಟೂರಾಗ ಅದಾರ. ನಾ ಒಬ್ಬಾಕಿ ಯಾಕ ಕುಂದ್ರಲಿ? ಜೋಡಿಲೆ ಆದ್ರ ಕುಂದರತೀನಿ, ಇಲ್ಲಾಂದ್ರ ಇಲ್ಲ." ಪಂಪಮ್ಮ ಸೆರಗನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡಳು. ಅದೇ ಗಳಿಗೆಗೆ ಸೆಲ್ಲು ಮುಗಿದು ಕ್ಯಾಮೆರಾ ಕಣ್ಣು ಮುಚ್ಚಿತು.

ಸೆರಗಿನೊಳಗಿಂದಲೇ ತೀರ್ಪು ಬಂತು.

"ಅಪ್ಪನ ಹರಕಿ ಅರ್ಧ ಉಳಿದ್ರ ತೀರಿಸೋದು ಮಗ. ಅವರು ಮುರಿದ ಸೋಮವಾರಕ್ಕ ಲೆಕ್ಕ ಇಟ್ಟೋರು ಯಾರು? ಇವತ್ತಿನಿಂದ ಒಪ್ಪತ್ತು ನಿಂದು. ನಾ ಬಿಟ್ಟೆ. ಮತ್ತ ಬರೋ ಸೋಮವಾರ ಸೆಲ್ಲು ತರಾಕ ಕೊಟ್ಟೂರಿಗೆ ಹೋಗ್ತೀಯಲ್ಲ, ನನಗ ಎರಡು ಮಿರ್ಚಿ ಕಟ್ಟಿಸ್ಕಂಡು ಬಾ. ಹಲ್ಲಿಲ್ಲ, ಖಾರ ಕಮ್ಮಿ ಇರ್ಲಿ."

"ಇವತ್ತಿನಿಂದ?" ಎಂದ ಓಬಳೇಶಪ್ಪ. ಒಲೆಯ ಮೇಲೆ ಶಿವಮ್ಮನ ಬದನೆಕಾಯಿ ಪಲ್ಯ ಘಮಗುಡುತ್ತಿತ್ತು.

"ಒಪ್ಪತ್ತು ಅಂದ್ರ ಒಂದ ಊಟ. ನಿಂದು ಮಧ್ಯಾಹ್ನನ ಆಗೈತಲ್ಲ."

ಗಂಗಾಧರನ ಮೊಬೈಲು ರಿಂಗಣಿಸಿತು. ಅವನು ಅಳುಮೋರೆಯಲ್ಲಿ ಹೊರಗೆ ಹೋಗಿ ಅರಳಿದ ಮೋರೆಯಲ್ಲಿ ಬಂದ. ಹೆಣ್ಣಿನ ಕಡೆಯ ಯಾರೋ ಇವನನ್ನು ಹೋದ ವಾರ ಸಂತೆಯಲ್ಲಿ ನೋಡಿದ್ದರಂತೆ. 'ಅವಾಗ ಹೆಂಗಿದ್ನೋ ಈಗೂ ಹಂಗ ಅದಾನ, ಇಷ್ಟು ವರ್ಷದಾಗ ಒಂದು ಕೂದಲೂ ಉದುರಿಲ್ಲ, ಇಂಥಾ ಗಟ್ಟಿ ಆಳು ಎಲ್ಲಿ ಸಿಗ್ತಾನ' ಎಂದು ಹೆಣ್ಣಿನ ಅಜ್ಜಿ ಒಪ್ಪಿದ್ದಳಂತೆ. ಹುಲುಗಣ್ಣ ತನ್ನ ಹಟ್ಟಿಯ ಕಡೆ ಮೀಸೆ ತಿರುವಿಕೊಂಡು ನಡೆದ.

ದೀಪ ಹಚ್ಚುವ ಹೊತ್ತಾಯಿತು. ಪಂಪಮ್ಮ ಕ್ಯಾಮೆರಾದ ಕರಿಯ ದಾರ ಹಿಡಿದು ಎತ್ತಿ ಮಗನ ಕೈಗೆ ಕೊಟ್ಟಳು. "ಅವರ ಹಿಗ್ಗಿಸಿದ ಫೋಟೋ ಬರೋತನ ಇದನ್ನ ಆ ಮೊಳಿಗೆ ತೂಗಿಬಿಡು. ಖಾಲಿ ಮೊಳಿ ನೋಡಾಕ ಆಗವಲ್ದು."

ಓಬಳೇಶಪ್ಪ ತೂಗಿಬಿಟ್ಟ. ಶಿವಮ್ಮ ದೀಪವನ್ನು ಗೂಡಿನಲ್ಲಿಟ್ಟಳು. ಪಂಪಮ್ಮ ರೊಟ್ಟಿ ಮುರಿದು, ಮೊದಲ ತುತ್ತನ್ನು ಗೋಡೆಯ ಕಡೆ ಎತ್ತಿ ತೋರಿಸಿ, "ಉಣ್ರಿ, ಸೋಮವಾರದೋರು" ಎಂದು ಮತ್ತೆ ನಕ್ಕಳು.

ಓಬಳೇಶಪ್ಪ ಒಂದು ಚೊಂಬು ನೀರು ಕುಡಿದು ಮಂಚದ ಖಾಲಿ ಜಾಗದಲ್ಲಿ, ಅವ್ವನ ಪಕ್ಕ ಕುಳಿತ. ಹೊಟ್ಟೆ ಗರಗರ ಎಂದಿತು. ಬಸ್ಸಿನ ಕಿಟಕಿಯಿಂದ ತಾನು ಬೇಡಿದ್ದು ನೆನಪಾಯಿತು. ಮರೆಯಾಗುವ ಮುಖ ಒಂದು ಸಿಗಲಿ ಎಂದಿದ್ದ. ಯಾರದೆಂದು ಹೇಳುವುದನ್ನು ಮರೆತಿದ್ದ. ಕೊಟ್ಟೂರಪ್ಪ ತಪ್ಪು ಮಾಡಿಲ್ಲ. ಆಗಲೇ ಮರೆಯಾಗಿದ್ದ ಮುಖವನ್ನು ಗೋಡೆಗೆ ಕೊಟ್ಟು, ಇನ್ನೊಂದನ್ನು ಮಂಚದ ಮೇಲೆಯೇ ಉಳಿಸಿದ್ದ. ಆ ಮುಖ ಈಗ ಪಲ್ಯದ ಬದನೆಕಾಯಿ ಬಲಿತಿದೆಯೆಂದು ಸೊಸೆಯ ಮೇಲೆ ರೇಗುತ್ತಿತ್ತು.

ಅವನು ಹಸಿದ ಹೊಟ್ಟೆಯಲ್ಲೇ ಕೊಟ್ಟೂರಿನ ದಿಕ್ಕಿಗೆ ತಿರುಗಿ ಎರಡೂ ಕೈ ಮುಗಿದ.

"ದೇವರಿಗೆ ಆಮ್ಯಾಲೆ ಮುಗಿಯುವಂತಿ," ಎಂದಳು ಪಂಪಮ್ಮ. "ಮಿರ್ಚಿ ಎರಡು ಅಂದೆನಲ್ಲ, ಮೂರು ಮಾಡು. ನಿಮ್ಮಪ್ಪಗ ಎಡಿ ಹಿಡೀಬೇಕು."